ನಾನಾ ದೇಶಗಳ ವೈದ್ಯದೈವಗಳು



ಮನುಷ್ಯನು ದೇವರನ್ನು ನೆನೆಯುವ ಸಂದರ್ಭಗಳು ಹಲವುಂಟು. ಅವುಗಳಲ್ಲಿ ರೋಗದಷ್ಟು ಬಲವಾದುದು ಮತ್ತೊಂದಿಲ್ಲ. ಸಿರಿ ಬಂದಾಗ ಮರೆತವನೂ ಜ್ವರ ಬಂದಾಗ ನೆನೆಯುವನು. ಆದುದರಿಂದಲೇ ಭೂಮಂಡಲದ ಯಾವ ಪ್ರಾಚೀನ ಜನಾಂಗದ ಪುರಾಣವನ್ನು ತೆರೆದು ನೋಡಿದರೂ ಬೇನೆಯನ್ನು ಕಳೆಯುವ ಒಂದು ದೈವವು ಅಲ್ಲಿ ಕಾಣಿಸಿಕೊಳ್ಳುವುದು. ಆ ದೈವಗಳ ನಾಮಾವಳಿಯನ್ನು ಓದುವುದು ಈ ಉಪನ್ಯಾಸದ ಉದ್ದೇಶವಲ್ಲ. ನಾಮಾವಳಿಯಿಂದ ತಿಳಿಯುವುದು ಅತ್ಯಲ್ಪ. ಆ ದೈವಗಳ ಬಾಗಿಲಿಗೆ ಯಾರು ಬಂದರು, ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು, ರೋಗಿಯ ಮೈಯನ್ನು ಮುಟ್ಟಿದ ಕೈಯನ್ನು ಲೋಕವು ಯಾವ ಕಣ್ಣಿನಿಂದ ಕಂಡಿತು ಎಂಬುದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ಮೊದಲು ಗ್ರೀಕರ ದೇಶಕ್ಕೆ ಹೋಗೋಣವಾಗಲಿ. ಏಕೆಂದರೆ ವೈದ್ಯದೈವದ ಪೂಜೆಯು ಅಲ್ಲಿ ಬೆಳೆದಷ್ಟು ವಿಸ್ತಾರವಾಗಿ ಬೇರೆಡೆಯಲ್ಲಿ ಬೆಳೆದುದು ಅಪರೂಪ. ಅವರ ವೈದ್ಯದೈವದ ಹೆಸರು ಅಸ್ಕ್ಲೀಪಿಯಸ್. ಹೋಮರನ ಇಲಿಯಡ್ ಕಾವ್ಯದಲ್ಲಿ ಆತನು ದೇವರಾಗಿರದೆ ನಿರ್ದೋಷಿಯಾದ ಒಬ್ಬ ವೈದ್ಯನಾಗಿ ಮಾತ್ರ ಉಕ್ತನಾಗಿರುವನು. ಆತನ ಇಬ್ಬರು ಮಕ್ಕಳು ಟ್ರಾಯ್ ಯುದ್ಧದಲ್ಲಿ ಗಾಯಾಳುಗಳ ಬಾಣ ಕಿತ್ತು ಮದ್ದು ಹಚ್ಚುವರು. ಕಾಲಾಂತರದಲ್ಲಿ ಈ ವೈದ್ಯನಿಗೆ ದೈವತ್ವವು ಬಂದಿತು, ಜನ್ಮಕಥೆಯೂ ಬಂದಿತು. ಅಪೊಲೊ ದೇವನು ಕೊರೋನಿಸ್ ಎಂಬ ಮಾನವಕನ್ಯೆಯನ್ನು ಮೋಹಿಸಿದನು. ಆಕೆ ಗರ್ಭಿಣಿಯಾಗಿರುವಾಗಲೇ ಬೇರೊಬ್ಬನನ್ನು ವರಿಸಿದಳೆಂಬ ಸುದ್ದಿಯನ್ನು ಕಾಗೆಯೊಂದು ತಂದಿತಂತೆ. ಅದುವರೆಗೆ ಬೆಳ್ಳಗಿದ್ದ ಕಾಗೆಯು ಆ ದುರ್ವಾರ್ತೆಯ ಫಲವಾಗಿ ಕಪ್ಪಾಯಿತಂತೆ. ಕೊರೋನಿಸಳು ಬಾಣಕ್ಕೆ ಬಲಿಯಾದಳು. ಚಿತೆಯ ಮೇಲೆ ಉರಿಯುತ್ತಿದ್ದ ತಾಯಿಯ ಒಡಲಿನಿಂದ ಕೂಸನ್ನು ಹೊರತೆಗೆದ ಅಪೊಲೊ ಅದನ್ನು ಕೈರಾನ್ ಎಂಬ, ಅರ್ಧ ಅಶ್ವಾಕಾರದ ಗುರುವಿಗೆ ಒಪ್ಪಿಸಿದನು. ಆ ಗುರುವಿನಿಂದ ಬೇರುನಾರುಗಳ ವಿದ್ಯೆ, ಶಸ್ತ್ರವಿದ್ಯೆ ಎರಡೂ ಅಸ್ಕ್ಲೀಪಿಯಸನಿಗೆ ಲಭಿಸಿದವು. ಸಾವಿನ ಬಾಯಿಂದ ಎಳೆದು ತಂದ ಮಗುವೇ ಸಾವಿನ ವೈರಿಯಾಯಿತು.

ಆತನು ಎಷ್ಟು ಸಮರ್ಥನಾದನೆಂದರೆ ಸತ್ತವರನ್ನೂ ಎಬ್ಬಿಸತೊಡಗಿದನು. ಪಾತಾಳಲೋಕದ ಅಧಿಪತಿಯು ತನ್ನ ಪ್ರಜೆಗಳ ಸಂಖ್ಯೆ ಕುಗ್ಗುತ್ತಿರುವುದೆಂದು ಜ್ಯೂಸನಲ್ಲಿ ದೂರು ಒಯ್ದನು. ಜ್ಯೂಸನು ಸಿಡಿಲು ಬೀಸಿ ವೈದ್ಯನನ್ನು ಕೊಂದನು. ಯಮನ ದಫ್ತರದ ಲೆಕ್ಕ ತಪ್ಪಬಾರದೆಂಬ ಕಾಳಜಿ ಎಲ್ಲ ದೇಶಗಳ ಪುರಾಣಗಳಲ್ಲಿಯೂ ಉಂಟಷ್ಟೆ! ಪಿಂಡಾರ ಕವಿಯು ಈ ವಧೆಗೆ ಒಂದು ಕಾರಣವನ್ನು ಹೇಳಿರುವನು: ವೈದ್ಯನು ಬಂಗಾರದ ಆಸೆಗಾಗಿ ಸತ್ತವನನ್ನು ಎಬ್ಬಿಸಿದನೆಂದು. ಪ್ಲೇಟೋ ಇದನ್ನು ಒಪ್ಪಲಿಲ್ಲ. ದೇವರ ಮಗನಾಗಿದ್ದರೆ ಧನಲೋಭಿಯಲ್ಲ, ಧನಲೋಭಿಯಾಗಿದ್ದರೆ ದೇವರ ಮಗನಲ್ಲ ಎಂಬುದು ಆತನ ತರ್ಕ.

ಅದೇ ಪ್ಲೇಟೋ ತನ್ನ ರಿಪಬ್ಲಿಕ್ ಗ್ರಂಥದಲ್ಲಿ ಅಸ್ಕ್ಲೀಪಿಯಸನನ್ನು ಇನ್ನೊಂದು ಕಾರಣಕ್ಕಾಗಿ ಹೊಗಳಿರುವನು. ಆ ಹೊಗಳಿಕೆಯನ್ನು ಓದಿದವರಿಗೆ ಮೈ ನಡುಗದೆ ಇರಲಾರದು. ಒಳಗೆಲ್ಲ ರೋಗದಿಂದ ಜೀರ್ಣವಾದ ಶರೀರಕ್ಕೆ ಆತನು ಚಿಕಿತ್ಸೆ ಮಾಡಲು ಹೋಗಲಿಲ್ಲ. ಅಂಥವನು ಬದುಕಿದರೆ ತನಗೂ ಲಾಭವಿಲ್ಲ, ರಾಜ್ಯಕ್ಕೂ ಲಾಭವಿಲ್ಲ ಎಂಬುದು ಆ ದೈವವೈದ್ಯನ ನೀತಿಯಾಗಿದ್ದಿತಂತೆ. ತತ್ತ್ವಜ್ಞಾನಿಗಳಲ್ಲಿ ಅಗ್ರಗಣ್ಯನಾದ ಪ್ಲೇಟೋವಿನ ಲೇಖನಿಯಿಂದ ಈ ಮಾತು ಹೊರಟಿತು. ಪ್ರಯೋಜನವಿಲ್ಲದವನ ಬೇನೆ ಬೇನೆಯಲ್ಲವೆ ಎಂಬ ಪ್ರಶ್ನೆ ಅಲ್ಲಿಂದಲೇ ಏಳುವುದು.

ಅಸ್ಕ್ಲೀಪಿಯಸನ ಮುಖ್ಯ ಕ್ಷೇತ್ರವು ಎಪಿಡಾರಸ್. ಗ್ರೀಸಿನ ದಕ್ಷಿಣಭಾಗದಲ್ಲಿ, ಗುಡ್ಡಗಳ ನಡುವೆ, ನೀರಿನ ಸಮೃದ್ಧಿಯುಳ್ಳ ಬಯಲಿನಲ್ಲಿ ಅದರ ಅವಶೇಷಗಳನ್ನು ಈಗಲೂ ಕಾಣಬಹುದು. ೧೮೮೧ರಿಂದ ಕವ್ವಾಡಿಯಸ್ ಎಂಬ ಗ್ರೀಕ್ ವಿದ್ವಾಂಸನು ಅಲ್ಲಿ ಉತ್ಖನನ ನಡೆಸಿದನು. ರೋಗಿಯು ಮೊದಲು ಸ್ನಾನಮಾಡಿ, ಬಲಿಯರ್ಪಿಸಿ, ರಾತ್ರಿ ಅಬಟಾನ್ ಎಂಬ ಉದ್ದನೆಯ ಮೊಗಸಾಲೆಯಲ್ಲಿ ಮಲಗಬೇಕಾಗಿದ್ದಿತು. ಅಲ್ಲಿ ವಿಷವಿಲ್ಲದ ಹಾವುಗಳು ಹರಿದಾಡುತ್ತಿದ್ದವು. ದೇವಾಲಯದ ನಾಯಿಗಳೂ ಇದ್ದವು. ಕನಸಿನಲ್ಲಿ ದೇವನು ಬಂದು ಮದ್ದು ಹೇಳುವನು, ಇಲ್ಲವೆ ತಾನೇ ಶಸ್ತ್ರಕ್ರಿಯೆ ಮಾಡುವನು ಎಂಬುದು ನಂಬಿಕೆ. ಬೆಳಗಾದಾಗ ರೋಗವು ನೀಗಿದವರು ತಮ್ಮ ವೃತ್ತಾಂತವನ್ನು ತಿಳಿಸಿ ಕಾಣಿಕೆಯೊಪ್ಪಿಸಿ ಹೋಗುವರು. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಇಂಥ ಸುಮಾರು ೭೦ ವೃತ್ತಾಂತಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಪಾಸೇನಿಯಸ್ ಎಂಬ ಪ್ರವಾಸಿಯು ಬಂದಾಗ ಆರು ಕಲ್ಲುಗಳು ಉಳಿದಿದ್ದವೆಂದು ಬರೆದಿರುವನು. ಉತ್ಖನನದಲ್ಲಿ ಅವುಗಳಲ್ಲಿ ಕೆಲವು ದೊರೆತವು.

ಆ ಕಲ್ಲುಗಳ ಕಥೆಗಳು ರಸವತ್ತಾಗಿವೆ. ಅಥೆನ್ಸಿನ ಅಂಬ್ರೋಸಿಯಾ ಎಂಬ ಹೆಂಗಸಿಗೆ ಒಂದು ಕಣ್ಣು ಕಾಣದು. ಆಕೆ ದೇವಾಲಯವನ್ನು ಸುತ್ತಿ ನೋಡಿ, ಕುಂಟರು ನಡೆದರಂತೆ, ಕುರುಡರು ಕಂಡರಂತೆ, ಅದೂ ಬರಿಯ ಕನಸಿನಿಂದ ಎಂದು ನಕ್ಕಳು. ಆದರೂ ಮಲಗಿದಳು. ದೇವನು ಕನಸಿನಲ್ಲಿ ಬಂದು, ಕಣ್ಣನ್ನು ವಾಸಿಮಾಡುವೆನು, ಆದರೆ ನಿನ್ನ ಅಜ್ಞಾನದ ಕುರುಹಾಗಿ ಒಂದು ಬೆಳ್ಳಿಯ ಹಂದಿಯನ್ನು ಕಾಣಿಕೆ ಕೊಡಬೇಕು ಎಂದನು. ಮತ್ತೊಬ್ಬನು ಯೂಫೇನಿಸ್ ಎಂಬ ಎಪಿಡಾರಸಿನ ಹುಡುಗ, ಮೂತ್ರಕೋಶದಲ್ಲಿ ಕಲ್ಲು. ನಿನ್ನನ್ನು ವಾಸಿಮಾಡಿದರೆ ಏನು ಕೊಡುವೆ ಎಂದು ದೇವನು ಕೇಳಲು ಹುಡುಗನು ಹತ್ತು ಆಟದ ಗೋಟಿಗಳನ್ನು ಕೊಡುವೆನೆಂದನು. ದೇವನು ನಕ್ಕನು, ಒಪ್ಪಿದನು. ಬೆಳಗಾದಾಗ ಹುಡುಗನು ಗುಣವಾಗಿ ಹೊರಬಂದನು. ಇನ್ನೊಬ್ಬ ಕೂಲಿಯಾಳು ಯಜಮಾನನ ಕುಡಿಯುವ ಬಟ್ಟಲನ್ನು ದಾರಿಯಲ್ಲಿ ಒಡೆದುಕೊಂಡು ಚೂರುಗಳನ್ನು ಜೋಡಿಸುತ್ತ ಕುಳಿತಿದ್ದನು. ಈ ಬಟ್ಟಲನ್ನು ಅಸ್ಕ್ಲೀಪಿಯಸನೂ ಕೂಡಿಸಲಾರನು ಎಂದು ದಾರಿಹೋಕನೊಬ್ಬನು ನುಡಿದು ಹೋದನು. ದೇವಾಲಯಕ್ಕೆ ಬಂದು ಚೀಲ ಬಿಚ್ಚಿದರೆ ಬಟ್ಟಲು ಅಖಂಡವಾಗಿದ್ದಿತು. ಬಟ್ಟಲಿಗೂ ಚಿಕಿತ್ಸೆ ಮಾಡಿದ ವೈದ್ಯದೈವವು ಬೇರೆಲ್ಲಿಯೂ ಸಿಕ್ಕಲಾರದು.

ಕಾಣಿಕೆಯನ್ನು ತಪ್ಪಿಸಿದವನ ಕಥೆಯೂ ಕಲ್ಲಿನಲ್ಲಿದೆ. ಥೇಸಾಸ್ ದ್ವೀಪದ ಹರ್ಮಾನ್ ಎಂಬ ಕುರುಡನು ದೃಷ್ಟಿ ಪಡೆದು ಕಾಣಿಕೆಯೊಪ್ಪಿಸದೆ ಹೋದನು; ದೇವನು ಮರಳಿ ಕುರುಡನನ್ನಾಗಿ ಮಾಡಿದನು; ಮತ್ತೆ ಬಂದು ಮಲಗಲು ಮತ್ತೆ ದೃಷ್ಟಿ ಕೊಟ್ಟನು. ದೇವಾಲಯದ ಪಾರುಪತ್ಯಗಾರರು ಈ ಕಥೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕೆತ್ತಿಸಿದುದರ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹತ್ತು ಗೋಟಿಗೆ ಒಪ್ಪಿದ ದೇವನೂ ಅದೇ ಕಲ್ಲಿನಲ್ಲಿರುವನೆಂಬುದನ್ನು ಮರೆಯಲಾಗದು.

ಇಂತು ದಯಾಳುವಾದ ಈ ದೈವದ ಪ್ರಾಕಾರದಲ್ಲಿ ಒಂದು ವಿಧಿ ಜಾರಿಯಲ್ಲಿದ್ದಿತು. ಆ ಆವರಣದೊಳಗೆ ಯಾರೂ ಸಾಯಕೂಡದು, ಯಾವ ಹೆಂಗಸೂ ಹೆರಕೂಡದು. ಮರಣವೂ ಪ್ರಸವವೂ ಗ್ರೀಕರ ದೃಷ್ಟಿಯಲ್ಲಿ ಸೂತಕ. ಹಾಗಾಗಿ ಪ್ರಾಣ ಹೋಗುವಂತಿದ್ದ ರೋಗಿಗೂ ಹೆರಿಗೆ ಬೇನೆ ತಿನ್ನುವ ಹೆಂಗಸಿಗೂ ಬಯಲೇ ಗತಿಯಾಗಿದ್ದಿತು. ಪಾಸೇನಿಯಸನ ಕಾಲದಲ್ಲಿ ಆಂಟೊನೈನಸ್ ಎಂಬ ಸಿರಿವಂತ ರೋಮನ್ ಸಭಾಸದನು ಅವರಿಗಾಗಿ ಪ್ರಾಕಾರದ ಹೊರಗೆ ಒಂದು ಮನೆಯನ್ನು ಕಟ್ಟಿಸಿದನು. ಕಲ್ಲುಗಳನ್ನು ಕೆತ್ತಿಸಿದ ಕಾಲದಿಂದ ಆ ಮನೆ ಏಳುವವರೆಗೆ ಸುಮಾರು ಐದುನೂರು ವರುಷಗಳು ಸಂದಿದ್ದವು.

ಆ ದೈವದ ಕುಟುಂಬವೂ ದೊಡ್ಡದು. ಹೈಜಿಯಾ ಎಂಬ ಮಗಳು ಆರೋಗ್ಯವನ್ನು ಕಾಯುವವಳು. ಪನಾಸಿಯಾ ಎಂಬವಳು ಸರ್ವರೋಗಕ್ಕೂ ಮದ್ದು ಕೊಡುವವಳು. ರೋಗ ಬರದಂತೆ ನೋಡಿಕೊಳ್ಳುವುದಕ್ಕೂ ಬಂದ ರೋಗವನ್ನು ಕಳೆಯುವುದಕ್ಕೂ ಬೇರೆಬೇರೆ ದೇವಿಯರನ್ನು ಇಟ್ಟುದು ಗ್ರೀಕರ ಜಾಣ್ಮೆ. ಕಾಸ್ ದ್ವೀಪದ ಹಿಪೊಕ್ರಟಿಸನ ಹೆಸರಿನಲ್ಲಿ ಬಂದಿರುವ ವೈದ್ಯರ ಪ್ರತಿಜ್ಞೆಯು ಅಪೊಲೊ, ಅಸ್ಕ್ಲೀಪಿಯಸ್, ಹೈಜಿಯಾ, ಪನಾಸಿಯಾ ಇವರನ್ನು ಸಾಕ್ಷಿಯಾಗಿ ಕರೆದೇ ಆರಂಭವಾಗುವುದು. ಆದರೆ ಅದೇ ಸಂಪ್ರದಾಯದ ಮತ್ತೊಂದು ಗ್ರಂಥವು ಅಪಸ್ಮಾರವನ್ನು, ಎಂದರೆ ಮೂರ್ಛೆರೋಗವನ್ನು, ಕುರಿತು ಬೇರೆಯೇ ಮಾತನ್ನಾಡುವುದು. ಜನರು ದೇವರ ರೋಗವೆಂದು ಹೆದರುವ ಈ ವ್ಯಾಧಿಯು ಉಳಿದ ವ್ಯಾಧಿಗಳಿಗಿಂತ ಹೆಚ್ಚು ದೈವಿಕವೇನೂ ಅಲ್ಲ. ಅದಕ್ಕೂ ಸ್ವಾಭಾವಿಕವಾದ ಕಾರಣವುಂಟು, ಆ ಕಾರಣವು ಮೆದುಳಿನಲ್ಲಿದೆ. ಮಂತ್ರವಾದಿಗಳು ತಮ್ಮ ಅಜ್ಞಾನವನ್ನು ಮುಚ್ಚಿಕೊಳ್ಳಲು ದೇವರ ಹೆಸರು ಹೇಳುವರು ಎಂದು ಅದರ ವಾದ. ದೇವರ ಮುಂದೆ ಆಣೆಯಿಟ್ಟ ವೈದ್ಯರೇ ದೇವರ ಮೇಲೆ ರೋಗದ ಹೊರೆ ಹೊರಿಸಬೇಡಿರೆಂದರು. ಇವೆರಡೂ ಒಂದೇ ಸಂಪ್ರದಾಯದ ಗ್ರಂಥಗಳಲ್ಲಿ ಬಂದುದು ಯೋಚಿಸತಕ್ಕ ಸಂಗತಿ.

ಅಸ್ಕ್ಲೀಪಿಯಸನು ರೋಮಿಗೆ ಹೋದ ಕಥೆಯೂ ಹೀಗೆಯೇ ಎರಡು ಮುಖಗಳುಳ್ಳದ್ದು. ಕ್ರಿ. ಪೂ. ೨೯೩ರಲ್ಲಿ ರೋಮ್ ನಗರಕ್ಕೆ ಮಹಾಮಾರಿ ಬಡಿಯಿತು. ಶಕುನಗ್ರಂಥಗಳನ್ನು ನೋಡಿ ಎಪಿಡಾರಸಿಗೆ ದೂತರನ್ನು ಕಳುಹಿಸಿದರು. ಅಲ್ಲಿಯ ಹಾವೊಂದು ತಾನಾಗಿ ಹಡಗನ್ನೇರಿ ಬಂದು, ಟೈಬರ್ ನದಿಯ ನಡುಗಡ್ಡೆಯಲ್ಲಿ ಇಳಿಯಿತೆಂದು ಪ್ರತೀತಿ. ಕ್ರಿ. ಪೂ. ೨೯೧ರಲ್ಲಿ ಆ ನಡುಗಡ್ಡೆಯಲ್ಲಿ ದೇವಾಲಯವಾಯಿತು. ಕಾಲಕ್ರಮದಲ್ಲಿ ರೋಮಿನ ಧನಿಕರು ಒಂದು ಪದ್ಧತಿಯನ್ನು ಹಿಡಿದರು. ತಮ್ಮ ಗುಲಾಮನು ರೋಗದಿಂದ ನವೆದಾಗ, ಅವನ ಔಷಧೋಪಚಾರದ ಖರ್ಚು ತಪ್ಪಲೆಂದು, ಅವನನ್ನು ಒಯ್ದು ಆ ನಡುಗಡ್ಡೆಯಲ್ಲಿ ಬಿಟ್ಟುಬರುವರು. ದೇವರಿಗೆ ಒಪ್ಪಿಸಿದೆವೆಂಬ ಸಮಾಧಾನ ಬೇರೆ! ಬದುಕಿದರೆ ಮತ್ತೆ ಕರೆದೊಯ್ಯುವರು. ಕ್ರಿ. ಶ. ಮೊದಲನೆಯ ಶತಮಾನದಲ್ಲಿ ಚಕ್ರವರ್ತಿ ಕ್ಲಾಡಿಯಸನು ಇದಕ್ಕೆ ತಡೆಹಾಕಿದನು. ಹಾಗೆ ಬಿಡಲ್ಪಟ್ಟ ಗುಲಾಮರೆಲ್ಲರೂ ಸ್ವತಂತ್ರರು, ಗುಣವಾದರೆ ಯಜಮಾನನಿಗೆ ಅವರ ಮೇಲೆ ಹಕ್ಕಿಲ್ಲ. ಬಿಟ್ಟುಬರುವ ಬದಲು ಕೊಂದುಹಾಕಿದವನ ಮೇಲೆ ಕೊಲೆಯ ಅಪರಾಧ ಬರುವುದು ಎಂದು ಆಜ್ಞೆಮಾಡಿದನು. ಈ ಚಕ್ರವರ್ತಿಯೂ ಬಾಲ್ಯದಿಂದ ರೋಗಪೀಡಿತನಾಗಿ, ಕಾಲೆಳೆದು ನಡೆಯುತ್ತ, ಮನೆಯವರ ತಿರಸ್ಕಾರಕ್ಕೆ ಗುರಿಯಾಗಿದ್ದವನು. ಆ ನಡುಗಡ್ಡೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಕ್ರೈಸ್ತ ಸಹೋದರರು ಆಸ್ಪತ್ರೆಯನ್ನು ಸ್ಥಾಪಿಸಿದರು. ಇಂದಿಗೂ ಅಲ್ಲಿ ಆಸ್ಪತ್ರೆ ನಡೆದಿದೆ.

ಭರತಖಂಡಕ್ಕೆ ಬಂದರೆ ವೇದಕಾಲದ ದೇವವೈದ್ಯರು ಅಶ್ವಿನೀದೇವತೆಗಳು. ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಲೋಹದ ಕಾಲು ಜೋಡಿಸಿದವರು, ಮುದುಕನಾದ ಚ್ಯವನನಿಗೆ ಯೌವನ ಕೊಟ್ಟವರು, ಕುರುಡರಿಗೆ ಕಣ್ಣು ಕೊಟ್ಟವರು. ಋಗ್ವೇದವು ಅವರನ್ನು ಬಾಯ್ತುಂಬ ಸ್ತುತಿಸುವುದು. ಇಷ್ಟು ಉಪಕಾರಿಗಳಾದವರಿಗೆ ದೇವಸಭೆಯಲ್ಲಿ ಯಾವ ಮರ್ಯಾದೆ ದೊರೆಯಿತು? ತೈತ್ತಿರೀಯ ಸಂಹಿತೆಯಲ್ಲಿ ಒಂದು ಪ್ರಸಂಗವಿದೆ. ಯಜ್ಞದ ತಲೆ ಕತ್ತರಿಸಿ ಬಿದ್ದಿತು. ದೇವತೆಗಳು ಅಶ್ವಿನಿಗಳನ್ನು ಕರೆದು ಅದನ್ನು ಜೋಡಿಸಿರೆಂದರು. ಅವರು ಸೋಮದಲ್ಲಿ ಪಾಲು ಕೇಳಿದರು. ಇವರು ಮನುಷ್ಯರ ನಡುವೆ ತಿರುಗುವ ವೈದ್ಯರು, ಅಶುದ್ಧರು ಎಂದು ದೇವತೆಗಳು ಹಿಂಜರಿದರು. ಕೊನೆಗೆ ಅವರನ್ನು ಮಂತ್ರದಿಂದ ಶುದ್ಧಿಮಾಡಿಯೇ ಪಾಲು ಕೊಟ್ಟರು. ಬ್ರಾಹ್ಮಣನು ವೈದ್ಯಕೀಯವನ್ನು ಮಾಡಕೂಡದೆಂಬ ವಿಧಿಯನ್ನೂ ಅಲ್ಲಿಯೇ ಸೇರಿಸಿದರು. ಮಹಾಭಾರತದಲ್ಲಿಯೂ ಇಂದ್ರನು ಇವರಿಗೆ ಸೋಮ ಸಲ್ಲದೆಂದು ವಜ್ರಾಯುಧವನ್ನೆತ್ತುವನು. ಚ್ಯವನನು ಆ ತೋಳನ್ನು ಸ್ತಂಭನಗೊಳಿಸಿ ತನ್ನ ವೈದ್ಯರಿಗೆ ಸೋಮವನ್ನು ಕೊಡಿಸುವನು. ಮನುಸ್ಮೃತಿಯಂತೂ ವೈದ್ಯನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿತು. ಅವನ ಅನ್ನವನ್ನು ಕೀವಿಗೆ ಸಮಾನವೆಂದಿತು.

ಇಲ್ಲಿಯೇ ಸ್ವಲ್ಪ ನಿಂತು ನೋಡಬೇಕು. ಎಪಿಡಾರಸಿನಲ್ಲಿ ಸಾಯುವವನು ಅಶುದ್ಧ, ಹೆರುವವಳು ಅಶುದ್ಧ. ಭಾರತದಲ್ಲಿ ಅವರನ್ನು ಮುಟ್ಟಿದ ವೈದ್ಯನೇ ಅಶುದ್ಧ, ಆ ವೈದ್ಯನು ದೇವನಾದರೂ ಅಶುದ್ಧ. ಕೀವು, ರಕ್ತ, ಮಲಮೂತ್ರಗಳ ಹೇಸಿಕೆಯನ್ನು ಮೀರದ ಹೊರತು ಯಾವ ವೈದ್ಯವೂ ನಡೆಯದು. ಹೇಸಿಕೆಯನ್ನು ಮೀರಿದವನನ್ನೇ ಲೋಕವು ಹೇಸಿತು. ಮನೆಯ ಮಗುವಿನ ಬೇನೆ ಬಿಡಿಸಿದವನನ್ನು ಪಂಕ್ತಿಯಲ್ಲಿ ಕೂಡಿಸಲಾರದ ಶುದ್ಧಿಯು ಎಂಥ ಶುದ್ಧಿ? ಆಯುರ್ವೇದದ ಆಚಾರ್ಯರು ಇದನ್ನು ಅರಿತಿದ್ದರೆಂದು ತೋರುವುದು. ಸುಶ್ರುತ ಸಂಹಿತೆಯು ಶಸ್ತ್ರವಿದ್ಯೆಯ ಉಪದೇಶವನ್ನು ಕಾಶಿಯ ಅರಸನಾದ ದಿವೋದಾಸನ ಬಾಯಿಂದ ಹೇಳಿಸಿ, ಆತನನ್ನು ಧನ್ವಂತರಿಯ ಅವತಾರವೆಂದಿತು; ಹೆಣವನ್ನು ನೀರಿನಲ್ಲಿ ನೆನೆಯಿಟ್ಟು ಪದರು ಪದರಾಗಿ ಬಿಡಿಸಿ ನೋಡಿ ಕಲಿಯಬೇಕೆಂದೂ ವಿಧಿಸಿತು. ಹಾಲ್ಗಡಲಿನಿಂದ ಅಮೃತಕಲಶವನ್ನು ಹಿಡಿದು ಬಂದ ದೈವದ ಹೆಸರನ್ನು ಹೊತ್ತ ಗುರುವು ಹೆಣವನ್ನು ಮುಟ್ಟಿರೆಂದು ಹೇಳುವನು.

ಇನ್ನು ರುದ್ರನು. ಋಗ್ವೇದದ ರುದ್ರನು ಬಿಲ್ಲು ಹಿಡಿದವನು. ಆತನ ಬಾಣ ತಾಗಿದಲ್ಲಿ ದನಕರುಗಳಿಗೂ ಮಕ್ಕಳಿಗೂ ರೋಗ. ಅದೇ ರುದ್ರನು ಸಾವಿರ ಔಷಧಗಳ ಒಡೆಯನು, ವೈದ್ಯರಲ್ಲಿ ವೈದ್ಯನು. ಗ್ರೀಕರ ಅಪೊಲೊವೂ ಹಾಗೆಯೇ: ಇಲಿಯಡ್ ಕಾವ್ಯದ ಮೊದಲಿಗೆ ಬಾಣಗಳಿಂದ ಸೇನೆಯ ಮೇಲೆ ಪಿಡುಗನ್ನು ಕರೆದವನೇ ಚಿಕಿತ್ಸೆಯ ದೈವನು. ಈಜಿಪ್ಟಿನ ಸೆಖ್ಮೆತ್ ಸಿಂಹಮುಖದ ದೇವಿ. ಪಿಡುಗು ಆಕೆಯ ಉಸಿರು, ಆಕೆಯ ಅರ್ಚಕರೇ ವೈದ್ಯರು. ಕ್ರಿ. ಪೂ. ೧೫೫೦ರ ಸುಮಾರಿನ ಒಂದು ಪಪೈರಸ್ ಗ್ರಂಥವು ನಾಡಿಯನ್ನು ನೋಡುವವರಲ್ಲಿ ವೈದ್ಯನನ್ನೂ ಸೆಖ್ಮೆತಳ ಅರ್ಚಕನನ್ನೂ ಒಟ್ಟಿಗೆ ಹೆಸರಿಸಿರುವುದು. ಅದೇ ದೇಶದಲ್ಲಿ ಇಮ್ಹೊಟೆಪ್ ಎಂಬ ಮಂತ್ರಿಯು, ಸಕ್ಕಾರದ ಮೆಟ್ಟಿಲು ಪಿರಮಿಡ್ಡಿನೊಡನೆ ಹೆಸರು ಬೆರೆತವನು, ಸತ್ತು ಸುಮಾರು ಎರಡು ಸಾವಿರ ವರ್ಷಗಳ ಮೇಲೆ ವೈದ್ಯದೈವವಾಗಿ ಪೂಜೆಗೊಂಡನು. ಬಾಬಿಲೋನಿಯದವರ ಗುಲಾ ದೇವಿಯ ಪಕ್ಕದಲ್ಲಿ ಸದಾ ಒಂದು ನಾಯಿ. ಇಸಿನ್ ನಗರದ ಆಕೆಯ ದೇವಾಲಯದ ಬಳಿ ಅಗೆದಾಗ ಮೂವತ್ತಕ್ಕೂ ಹೆಚ್ಚು ನಾಯಿಗಳನ್ನು ಹೂಳಿದುದು ಕಂಡುಬಂದಿತು. ಹಮ್ಮುರಾಬಿ ಅರಸನು ತನ್ನ ಶಾಸನದ ಕೊನೆಯಲ್ಲಿ ಇಂಥದೇ ಒಬ್ಬ ವೈದ್ಯದೇವಿಯನ್ನು ಕರೆದು, ಈ ಕಟ್ಟಳೆಯನ್ನು ಅಳಿಸಿದವನಿಗೆ ಯಾವ ವೈದ್ಯನಿಗೂ ತಿಳಿಯದ ರೋಗವನ್ನು ಕೊಡೆಂದು ಬೇಡಿರುವನು. ಕೊಡುವವಳೂ ಅವಳೇ, ಕಳೆಯುವವಳೂ ಅವಳೇ.

ಈ ಎರಡು ಮುಖಗಳ ದೈವವನ್ನು ಕನ್ನಡ ನಾಡಿನವರಿಗೆ ಪರಿಚಯಿಸಬೇಕಾಗಿಲ್ಲ. ಸಿಡುಬು ಎದ್ದ ಮನೆಯಲ್ಲಿ ರೋಗದ ಹೆಸರನ್ನು ಹೇಳುತ್ತಿರಲಿಲ್ಲ, ಅಮ್ಮ ಬಂದಿರುವಳೆನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವರು, ಒಗ್ಗರಣೆ ಹಾಕರು, ಹೊರಗಿನವರನ್ನು ಒಳಗೆ ಬಿಡರು. ಉತ್ತರ ದೇಶದಲ್ಲಿ ಆಕೆಯೇ ಶೀತಲಾದೇವಿ: ಕತ್ತೆಯ ಮೇಲೆ ಕುಳಿತು, ಕೈಯಲ್ಲಿ ಕಸಬರಿಗೆ, ನೀರಿನ ಕೊಡ, ತಲೆಯ ಮೇಲೆ ಮೊರ. ಬಂಗಾಳದಲ್ಲಿ ಇಂಗ್ಲಿಷರ ಲಸಿಕೆ ಬರುವುದಕ್ಕೆ ಮೊದಲೇ ಸಿಡುಬಿನ ಕೀವನ್ನೇ ತೋಳಿಗೆ ಚುಚ್ಚಿ ಸೌಮ್ಯವಾದ ರೋಗವನ್ನು ಬರಿಸಿ ಘೋರವಾದುದನ್ನು ತಪ್ಪಿಸುವ ಕುಶಲಿಗಳಿದ್ದರು. ಶೀತಲೆಯನ್ನು ಪೂಜಿಸಿಯೇ ಅವರು ಚುಚ್ಚುತ್ತಿದ್ದರು. ಪಶ್ಚಿಮ ಆಫ್ರಿಕದ ಯೊರುಬ ಜನರಲ್ಲಿ ಸೊಪೋನ ಎಂಬ ಸಿಡುಬಿನ ದೈವ. ಆ ದೈವದ ಅರ್ಚಕರೇ ರೋಗವನ್ನು ಹರಡುವರೆಂಬ ಗುಮಾನಿಯಿಂದ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬ್ರಿಟಿಷ್ ಸರ್ಕಾರವು ಆ ಪೂಜೆಯನ್ನು ನಿಷೇಧಿಸಿತು.

ಶರಣರು ಮಾರಿ ಮಸಣಿಗಳ ಆರಾಧನೆಯನ್ನು ಖಂಡಿಸಿದುದು ಎಲ್ಲರಿಗೂ ತಿಳಿದದ್ದೇ. ಅಂಜಿಕೆಯಿಂದ ಹುಟ್ಟಿದ ದೈವವು ದೈವವಲ್ಲವೆಂಬುದು ಅವರ ನಿಲುವು. ಆ ನಿಲುವನ್ನು ಹೊಸ್ತಿಲ ಹೊರಗೆ ನಿಂತು ಹೇಳುವುದು ಸುಲಭ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ತಾಯಿಯೊಬ್ಬಳು ಮಗುವಿನ ಮೈಯೆಲ್ಲ ಬೊಕ್ಕೆಯೆದ್ದ ರಾತ್ರಿ, ಗಂಡನಿಗೂ ಅಯ್ಯನವರಿಗೂ ತಿಳಿಯದಂತೆ ಮಾರಿಗುಡಿಗೆ ಮೊಸರನ್ನ ಕಳುಹಿಸಿದರೆ ಅದನ್ನು ಯಾರು ನಿಷ್ಠಾಭಂಗವೆಂದಾರು? ಆಕೆಯ ಕೈಯಲ್ಲಿ ಬೇರೆ ಮದ್ದು ಇದ್ದಿಲ್ಲ. ಬೇರೆ ಮದ್ದು ದೊರೆತ ಮೇಲೆ ಮಾತ್ರ ಆ ತಾಯಿಗೆ ಅದನ್ನು ಮುಟ್ಟಿಸದೆ ಇದ್ದವರ ಮೇಲೆ ದೋಷವು ಬರುವುದು. ೧೭೯೬ರಲ್ಲಿ ಇಂಗ್ಲೆಂಡಿನ ಜೆನ್ನರನು ಗೋವಿನ ಸಿಡುಬಿನಿಂದ ಲಸಿಕೆಯನ್ನು ಹಾಕಿ ತೋರಿಸಿದನು. ೧೮೦೨ರಲ್ಲಿ ಅದು ಮುಂಬಯಿಗೆ ಬಂದಿತು. ಕನ್ನಡಿಗರು ಆ ಲಸಿಕೆಗೂ ದೇವಿ ಹಾಕುವುದೆಂದೇ ಕರೆದರು. ರೋಗದ ದೇವಿಯ ಹೆಸರು ಮದ್ದಿಗೂ ಅಂಟಿತು. ಮೈಸೂರಿನ ಅರಮನೆಯ ಹೆಣ್ಣುಮಕ್ಕಳಲ್ಲಿ ಮೊದಮೊದಲೇ ಲಸಿಕೆ ಹಾಕಿಸಿಕೊಂಡವರಿದ್ದರೆಂಬುದು ಆ ಕಾಲದ ಚಿತ್ರವೊಂದರಿಂದ ತಿಳಿಯುವುದೆಂದು ಇತಿಹಾಸಕಾರರು ಹೇಳಿರುವರು.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹೊಸ ರೋಗಕ್ಕೆ ಹೊಸ ದೇವಿಯೂ ಬಂದಳು; ಪ್ಲೇಗಿನ ಮಾರಮ್ಮನ ಗುಡಿಗಳು ಅನೇಕ ಊರುಗಳಲ್ಲಿ ಎದ್ದವು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ಗುಡಿಗಳಲ್ಲಿ ಕೆಲವು ಈಗಲೂ ಇವೆ, ರೋಗವಿಲ್ಲ. ಸಿಡುಬಿನ ಕಥೆಯಂತೂ ಸಂಪೂರ್ಣವಾಗಿ ಮುಗಿಯಿತು. ಭಾರತದಲ್ಲಿ ೧೯೭೫ರ ತರುವಾಯ ಒಂದು ಸಿಡುಬೂ ಕಾಣಲಿಲ್ಲ. ಸ್ವಾಭಾವಿಕವಾಗಿ ತಗಲಿದ ಕಟ್ಟಕಡೆಯ ಸಿಡುಬು ೧೯೭೭ರ ಅಕ್ಟೋಬರಿನಲ್ಲಿ ಸೊಮಾಲಿಯ ದೇಶದ ಒಬ್ಬ ಆಸ್ಪತ್ರೆಯ ಅಡಿಗೆಯವನಿಗೆ ಬಂದಿತು, ಆತನು ಬದುಕಿದನು. ೧೯೮೦ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಭೂಮಿಯಿಂದ ಅಳಿದುದನ್ನು ಘೋಷಿಸಿತು. ಮನೆಮನೆಯ ಬಾಗಿಲು ತಟ್ಟಿ, ರೋಗಿಯನ್ನು ಹುಡುಕಿ, ಸುತ್ತಲಿದ್ದವರಿಗೆಲ್ಲ ಲಸಿಕೆ ಹಾಕಿದ ಸಾವಿರಾರು ಕೆಲಸಗಾರರು ಈ ಕಾರ್ಯವನ್ನು ಸಾಧಿಸಿದರು. ಮುಟ್ಟಬಾರದೆಂದ ಮೈಗಳನ್ನು ಮುಟ್ಟಿಯೇ ಸಾಧಿಸಿದರು.

ಪೂರ್ವದೇಶಗಳ ಬೌದ್ಧರು ಭೈಷಜ್ಯಗುರು ಎಂಬ ಬುದ್ಧನನ್ನು ಪೂಜಿಸುವರು; ಜಪಾನಿನಲ್ಲಿ ಆತನ ಹೆಸರು ಯಾಕುಶಿ, ಎಡಗೈಯಲ್ಲಿ ಔಷಧದ ಭರಣಿ. ಕ್ರಿ. ಶ. ೬೮೦ರಲ್ಲಿ ತೆಮ್ಮು ಚಕ್ರವರ್ತಿಯು ರಾಣಿಯ ರೋಗ ವಾಸಿಯಾಗಲೆಂದು ಆತನಿಗೆ ದೇವಾಲಯವನ್ನು ಹರಸಿಕೊಂಡನು; ದೇವಾಲಯವು ಪೂರ್ಣವಾಗುವಷ್ಟರಲ್ಲಿ ರಾಣಿಯು ಬದುಕಿದ್ದಳು, ಹರಸಿಕೊಂಡ ಅರಸನೇ ಇರಲಿಲ್ಲ. ೭೩೦ರಲ್ಲಿ ಕೋಮ್ಯೊ ರಾಣಿಯು ಬಡವರಿಗಾಗಿ ಔಷಧಶಾಲೆಯನ್ನು ಸ್ಥಾಪಿಸಿದಳು. ಆಕೆಯನ್ನು ಕುರಿತ ಐತಿಹ್ಯವೊಂದುಂಟು. ಸಾವಿರ ಮಂದಿ ಬಡವರ ಮೈಯನ್ನು ತನ್ನ ಕೈಯಿಂದಲೇ ತೊಳೆಯುವೆನೆಂದು ವ್ರತ ಹಿಡಿದಳು. ಸಾವಿರದವನಾಗಿ ಬಂದವನು ಕುಷ್ಠರೋಗಿ, ಮೈಯೆಲ್ಲ ಹುಣ್ಣು. ಆಕೆ ಅಳುಕಿದಳು, ಅನಂತರ ತೊಳೆದಳು. ಅವನು ಕೇಳಿದಂತೆ ಹುಣ್ಣುಗಳಿಗೆ ಬಾಯಿಟ್ಟು ಕೀವನ್ನು ಹೀರಿದಳು. ಆಗ ಆ ಸ್ನಾನಗೃಹವು ಬೆಳಕಿನಿಂದ ತುಂಬಿತು. ಬಂದಿದ್ದವನು ಬುದ್ಧನೇ ಆಗಿದ್ದನು. ಕೀವಿಗೆ ಸಮಾನವಾದ ಅನ್ನವನ್ನು ಕುರಿತ ಸ್ಮೃತಿವಾಕ್ಯದ ಪಕ್ಕದಲ್ಲಿ ಈ ಕಥೆಯನ್ನು ಇಟ್ಟು ನೋಡತಕ್ಕದ್ದು.

ಕನ್ನಡ ನಾಡಿನ ತಲಕಾಡಿನ ವೈದ್ಯೇಶ್ವರನ ಐತಿಹ್ಯವು ಇದಕ್ಕೆ ದೂರವಾದುದಲ್ಲ. ತಲ, ಕಾಡ ಎಂಬ ಇಬ್ಬರು ಬೇಡರು ಕಾಡಾನೆಗಳು ಪೂಜಿಸುತ್ತಿದ್ದ ಬೂರುಗದ ಮರಕ್ಕೆ ಕೊಡಲಿ ಹಾಕಿದರಂತೆ. ಮರದಿಂದ ರಕ್ತ ಚಿಮ್ಮಿತು. ಇದೇ ಮರದ ಎಲೆ ಹಣ್ಣುಗಳನ್ನು ಅರೆದು ಗಾಯಕ್ಕೆ ಕಟ್ಟಿರೆಂದು ಅಶರೀರವಾಣಿಯಾಯಿತು. ಅವರು ಕಟ್ಟಿದರು, ಗಾಯ ಮಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವನು ವೈದ್ಯೇಶ್ವರನಾದನು. ಉಳಿದ ದೇಶಗಳ ವೈದ್ಯದೈವಗಳು ಪರರ ಗಾಯವನ್ನು ಮಾಯಿಸಿದವು. ಇಲ್ಲಿ ಗಾಯಗೊಂಡವನೇ ದೇವರು. ಮದ್ದು ಕಟ್ಟಿದವರು ಬೇಡರು, ಹೊಡೆದವರೂ ಅವರೇ. ಆ ಕೈಗಳನ್ನು ಶಿವನು ಅಶುದ್ಧವೆನ್ನಲಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವು ಆತನ ಕಾಯಕ. ಅದೇ ಆತನ ಹೆಸರಿನ ಮುಂದೆ ನಿಂತಿದೆ. ಆತನ ವಚನಗಳು ಕೆಲವೇ ದೊರೆತಿವೆ. ನಾಡಿ, ಧಾತು, ವ್ಯಾಧಿ, ಔಷಧಗಳ ಪರಿಭಾಷೆಯಲ್ಲಿಯೇ ಆತನು ಶಿವತತ್ತ್ವವನ್ನು ಹೇಳಿರುವನು. ಅಶ್ವಿನೀದೇವತೆಗಳಿಗೆ ಪಂಕ್ತಿಯಲ್ಲಿ ಸ್ಥಳವಿಲ್ಲವೆಂದ ದೇಶದಲ್ಲಿಯೇ ವೈದ್ಯನೊಬ್ಬನು ಮಡಿವಾಳ, ಅಂಬಿಗ, ಸಮಗಾರರೊಡನೆ ಶರಣನಾಗಿ ಕುಳಿತನು.

ಅದೇ ಕಾಲದ ಇನ್ನೊಂದು ಸಾಕ್ಷ್ಯವು ಶಿಲೆಯ ಮೇಲಿದೆ. ಅಲ್ಲಮಪ್ರಭುವಿನ ಊರೆಂದು ಹೆಸರಾದ ಬಳ್ಳಿಗಾವೆಯಲ್ಲಿ ಕೋಡಿಯಮಠವೆಂಬ ಕಾಳಾಮುಖ ಶೈವರ ಮಠವಿದ್ದಿತು. ಕ್ರಿ. ಶ. ೧೧೬೨ರ ಶಾಸನವು, ಬಸವಣ್ಣನವರು ಯಾರ ಬಳಿ ಇದ್ದರೋ ಆ ಬಿಜ್ಜಳನ ಕಾಲದ್ದು, ವಾಮಶಕ್ತಿ ಮುನಿಗಳ ಆ ಮಠವನ್ನು ವರ್ಣಿಸಿರುವುದು. ವೇದಗಳನ್ನೂ ವ್ಯಾಕರಣಗಳನ್ನೂ ಷಡ್ದರ್ಶನಗಳನ್ನೂ ಓದುವ ಸ್ಥಾನವದು ಎಂದು ಮೊದಲು ಹೇಳಿ, ಶಾಸನಕವಿಯು ಮುಂದೆ ಅನ್ನದ ವಿಷಯಕ್ಕೆ ಬರುವನು: ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಜೈನಕ್ಷಪಣಕರಿಗೆ, ಏಕದಂಡಿ ತ್ರಿದಂಡಿಗಳಿಗೆ, ನಾನಾ ದೇಶದ ಭಿಕ್ಷುಕರಿಗೆ ತಡೆಯಿಲ್ಲದೆ ಅನ್ನವಿಕ್ಕುವ ಸ್ಥಾನವದು. ಅದರ ಬಳಿಯಲ್ಲಿಯೇ, ಅನಾಥರಾದ ನಾನಾ ರೋಗಿಗಳ ರೋಗಕ್ಕೆ ಔಷಧ ಕೊಡುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೂ ಅಭಯವೀಯುವ ಸ್ಥಾನವೆಂದೂ ಕೆತ್ತಿದೆ. ದೈವವು ಕನಸಿನಲ್ಲಿ ಬಂದ ಕಥೆಯಾಗಲಿ, ಕಾಣಿಕೆ ತಪ್ಪಿಸಿದವನಿಗಾದ ಶಿಕ್ಷೆಯಾಗಲಿ ಈ ವರ್ಣನೆಯಲ್ಲಿ ಬಂದಿಲ್ಲ. ರೋಗಿಯನ್ನು ಕುರಿತು ಹೇಳಿರುವುದು ಒಂದೇ ಮಾತು, ಅವನು ಅನಾಥನೆಂಬುದು. ಪ್ಲೇಟೋವಿನ ವೈದ್ಯನು ಯಾರನ್ನು ಬಿಟ್ಟು ಹೋದನೋ ಅವನ ಹೆಸರಿನಲ್ಲಿಯೇ ಕೋಡಿಯಮಠದ ಔಷಧವಿದ್ದಿತು. ಆ ಮಠದ ಕೇದಾರೇಶ್ವರ ದೇವಾಲ್ಯವು ಶಿಕಾರಿಪುರ ತಾಲ್ಲೂಕಿನಲ್ಲಿ, ಕೆರೆಯ ಸಮೀಪದಲ್ಲಿ, ಇಂದಿಗೂ ನಿಂತಿದೆ.